ಕುಮರಿಯನ್ನು ನಿಲ್ಲಿಸಿದ್ದು ತೇಗದ ಲೆಕ್ಕ

ಕುಮರಿ ಎಂದರೆ ಕಾಡು ಸುಟ್ಟು ಹಾಳು ಮಾಡುವ ಬೇಸಾಯ ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ಈ ಕೆಟ್ಟ ಹೆಸರು ಗಟ್ಟಿಯಾದದ್ದು ಬ್ರಿಟಿಷರ ಕಾಲದಲ್ಲಿ. ಅದರ ಹಿಂದೆ ಮರದ ವ್ಯಾಪಾರವಿತ್ತು.

ಮಳೆಗಾಲ ಮುಗಿದ ಮೇಲೆ ಘಟ್ಟದ ಇಳಿಜಾರಿನಲ್ಲಿ ಒಂದು ತುಂಡು ಕಾಡು ಕಡಿಯುತ್ತಿದ್ದರು. ಕಡಿದದ್ದು ಬಿಸಿಲಿಗೆ ಒಣಗಬೇಕು. ಮುಂಗಾರಿಗೆ ಮೊದಲು ಬೆಂಕಿ. ಮಳೆ ಬಿದ್ದ ಕೂಡಲೇ ಬೂದಿಯ ಮೇಲೆ ರಾಗಿ ಎರಚುವುದು, ನಡುನಡುವೆ ಅವರೆ, ತೊಗರಿ, ಹರಳು. ನೇಗಿಲಿಲ್ಲ, ಎತ್ತಿಲ್ಲ. ಬೂದಿಯೇ ಗೊಬ್ಬರ, ಕಳೆಯ ಬೀಜವೂ ಬೆಂಕಿಗೆ ಸುಟ್ಟಿರುತ್ತದೆ. ಎರಡನೇ ವರ್ಷ ಬೆಳೆ ಇಳಿಯುತ್ತದೆ, ಕಳೆ ಏರುತ್ತದೆ. ಆಗ ಜಾಗ ಬಿಟ್ಟು ಮುಂದಕ್ಕೆ. ಹತ್ತು ಹನ್ನೆರಡು ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಬೊಡ್ಡೆಗಳು ಚಿಗುರಿ ಮತ್ತೆ ಕಾಡಾಗುತ್ತದೆ. ಇಡೀ ಪದ್ಧತಿ ನಿಂತಿರುವುದೇ ಈ ಬಿಡುವಿನ ಮೇಲೆ.

1801ರಲ್ಲಿ ಕೆನರಾ, ಅಂದರೆ ಈಗಿನ ಕರಾವಳಿ ಕರ್ನಾಟಕದ ಕಡೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನು ನೋಡಿ ಬರೆದಿಟ್ಟ. ಆಮೇಲೆ ಹಡಗಿಗೆ ತೇಗ ಬೇಕಾಯಿತು. 1853ರಲ್ಲಿ ರೈಲು ಬಂತು, ಹಳಿಯ ಕೆಳಗಿನ ಸ್ಲೀಪರ್‌ಗೂ ಮರ ಬೇಕಾಯಿತು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಹ್ಯೂ ಕ್ಲೆಗಾರ್ನ್ ಕುಮರಿಯನ್ನು ವಿರೋಧಿಸಿದ. 1860ರಲ್ಲಿ ಸರ್ಕಾರಿ ಕಾಡಿನಲ್ಲಿ ಅನುಮತಿ ಇಲ್ಲದೆ ಕುಮರಿ ಮಾಡಬಾರದು ಎಂಬ ಆದೇಶ ಬಂತು. 1927ರ ಅರಣ್ಯ ಕಾಯ್ದೆಯಂತೂ ಇದು ಹಕ್ಕೇ ಅಲ್ಲ, ಸರ್ಕಾರ ಬೇಕೆಂದಾಗ ರದ್ದು ಮಾಡಬಹುದಾದ ರಿಯಾಯಿತಿ ಎಂದಿತು.

ತಮಾಷೆ ನೋಡಿ. ಬರ್ಮಾದಲ್ಲಿ ಇದೇ ಬ್ರಿಟಿಷ್ ಅರಣ್ಯ ಇಲಾಖೆ ಕರೆನ್ ಜನರು ಕಡಿದು ಸುಟ್ಟ ಹೊಲಗಳಲ್ಲೇ ಬೆಳೆಯ ಜೊತೆ ತೇಗದ ಸಸಿ ನೆಡಿಸಿತು. ತೇಗ ಬಂದರೆ ಬೆಂಕಿಯೂ ಸರಿ, ಅಲ್ವಾ?

ಹಾಗಂತ ಕುಮರಿಯಿಂದ ಕಾಡಿಗೆ ಏಟೇ ಬೀಳಲಿಲ್ಲ ಎನ್ನಲಾಗದು. ಜಾಗ ಕಿರಿದಾದಷ್ಟೂ ಬಿಡುವು ಕಮ್ಮಿಯಾಗುತ್ತದೆ, ಮಣ್ಣು ಸೋಲುತ್ತದೆ. ಆದರೆ ಜಾಗ ಕಿರಿದಾಗಿಸಿದ್ದರಲ್ಲಿ ಮೀಸಲು ಅರಣ್ಯದ ಗಡಿಗಳ ಪಾಲೂ ದೊಡ್ಡದು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ಕಾಡಿನ ಬೇಸಾಯ ನಿಂತಿತು. ಬೇಸಿಗೆಯ ಮೊದಲಲ್ಲೇ ಒಣ ಎಲೆಗೆ ಇಡುತ್ತಿದ್ದ ತರಗು ಬೆಂಕಿಯೂ ನಿಂತಿತು. ಆಮೇಲೆ ಲಂಟಾನ ಎಂಬ ಕಳೆ ಪೊದೆ ಬೆಟ್ಟ ತುಂಬಿತು. ಬೆಂಕಿ ನಿಲ್ಲಿಸಿದ್ದೇ ಇದಕ್ಕೆ ಕಾರಣ ಎನ್ನುತ್ತಾರೆ ಸೋಲಿಗ ಹಿರಿಯರು. ತರಗು ಬೆಂಕಿ ನೆಲದಲ್ಲೇ ಹರಿದು ಆರುತ್ತಿತ್ತು. ಒಣಗಿದ ಲಂಟಾನ ಹೊತ್ತಿಕೊಂಡರೆ ಬೆಂಕಿ ಮರದ ತಲೆಗೇರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ ತಂದು ಮಾರಬಹುದು. ಬೆಂಕಿ ಇಡುವಂತಿಲ್ಲ.