ಹತ್ತು ವ್ಯಾಟಿನ ಪೆಟ್ಟಿಗೆ ಕೆಡುವುದೆಲ್ಲಿ?

ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ, ‘ಆಂಪ್ ಹೊಗೆ ಹಾಕಿಸ್ಕೊಂಡಿದೆ’ ಅಂತ ರಿಪೇರಿ ಅಂಗಡಿಗೆ ಬರುವ, ತಂತಿಯ ಸದ್ದು ಹಿಗ್ಗಿಸುವ ಅಗ್ಗದ ಗಿಟಾರ್ ಆಂಪ್‌ಗಳಲ್ಲಿ ನಿಜಕ್ಕೂ ಹೊಗೆ ಬಂದಿರುವುದು ಅಪರೂಪ. ಕೆಟ್ಟಿರುವುದು ಸಾಮಾನ್ಯವಾಗಿ ಕೇಬಲ್ ಚುಚ್ಚುವ ತೂತು, ಅಂದರೆ ಜ್ಯಾಕ್. ಹತ್ತು ನಿಮಿಷದ ಬೆಸುಗೆ ಕೆಲಸ. ಆದರೆ ಎಷ್ಟೋ ಪೆಟ್ಟಿಗೆಗಳು ಅಂಗಡಿಯವರೆಗೂ ಬರದೆ ನೇರ ಅಟ್ಟ ಸೇರುತ್ತವೆ. ‘ಅಗ್ಗದ್ದು, ಅಷ್ಟೇ ಅದರ ಹಣೆಬರಹ’ ಎಂಬ ಮಾತು ಮಾತ್ರ ಊರೆಲ್ಲ ಸುತ್ತುತ್ತದೆ.

ಈ ಕೆಟ್ಟ ಹೆಸರಿನಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂದು ತಿಳಿಯಬೇಕಾದರೆ ಹಿಂಬದಿಯ ಸ್ಕ್ರೂ ಬಿಚ್ಚಬೇಕು.

ಹತ್ತು-ಹನ್ನೆರಡು ವ್ಯಾಟಿನ ಆಂಪ್ ಒಳಗೆ ಇಷ್ಟೇನಾ ಅನ್ನಿಸುವಷ್ಟು ಕಡಿಮೆ ಸಾಮಾನು. ಮನೆಯ ಕರೆಂಟನ್ನು ತಗ್ಗಿಸುವ 12-0-12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, 2200 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್ (ಚಾರ್ಜ್ ತುಂಬಿಟ್ಟುಕೊಳ್ಳುವ ಡಬ್ಬಿ). ಗಿಟಾರಿನ ಸಣ್ಣ ಸಿಗ್ನಲ್ ಹಿಗ್ಗಿಸಲು 4558 ಅಥವಾ ಟಿಎಲ್072 ಎಂಬ ಎಂಟು ಕಾಲಿನ ಐಸಿ (ಚಿಪ್), ಸ್ಪೀಕರನ್ನು ದುಡಿಸಲು ಟಿಡಿಎ2030 ಜಾತಿಯ ಐದು ಕಾಲಿನ ಇನ್ನೊಂದು ಐಸಿ. ಕಾವು ಮಿತಿ ಮೀರಿದರೆ ತಾನಾಗಿ ಬಾಯಿ ಮುಚ್ಚುವ, ಶಾರ್ಟ್ ಆದರೂ ತಡೆದುಕೊಳ್ಳುವ ರಕ್ಷಣೆ ಆ ಐಸಿಯೊಳಗೇ ಇದೆ. ಕೆಪಾಸಿಟರ್‌ಗಳ ಲೆಕ್ಕ ನೋಡಿ: 85 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್, ಕಾವು 10 ಡಿಗ್ರಿ ಇಳಿದಂತೆಲ್ಲ ಇಮ್ಮಡಿ ಬಾಳುತ್ತದೆ. ಪೆಟ್ಟಿಗೆಯೊಳಗೆ 45 ಡಿಗ್ರಿ ಇದ್ದರೆ 32,000 ಗಂಟೆ. ದಿನಕ್ಕೆರಡು ಗಂಟೆ ನುಡಿಸಿದರೂ ನಲವತ್ತು ವರ್ಷದ ಮೇಲಾಯಿತು. ಇದು ಕಾಗದದ ಲೆಕ್ಕ, ಒಳಗಿನ ದ್ರವ ಅದಕ್ಕೂ ಎಷ್ಟೋ ಮೊದಲೇ ಒಣಗುತ್ತದೆ. ಹಾಗಿದ್ದರೂ ‘ವರ್ಷ ತಾಳಲ್ಲ’ ಎನ್ನಲು ಇಲ್ಲಿ ಆಧಾರವಿಲ್ಲ.

ಐಸಿ ಬದಲು ಗಾಜಿನ ನಳಿಗೆಗಳಿರುವ, ಹತ್ತಾರು ಪಟ್ಟು ಬೆಲೆಯ ವಾಲ್ವ್ ಆಂಪ್ ಪಕ್ಕದಲ್ಲಿಟ್ಟು ನೋಡಿ. ಅದರೊಳಗೆ 300 ವೋಲ್ಟಿನ ಆಸುಪಾಸು, ಕೆಲವದರಲ್ಲಿ ಇನ್ನೂ ಹೆಚ್ಚು. ಮುಟ್ಟಿದರೆ ಕೈ ಸುಡುವ ಕಾವು. ಇಎಲ್84ನಂಥ ವಾಲ್ವ್‌ಗಳು ಟೈರಿನ ಹಾಗೆ ಸವೆಯುವ ವಸ್ತು, ಕಾಲಕಾಲಕ್ಕೆ ಬದಲಿಸಲೇಬೇಕು. ಸ್ಪೀಕರ್ ಕಳಚಿ ಜೋರಾಗಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಹೋಗಬಹುದು. ಆದರೆ ಅದು ಕೆಟ್ಟಾಗ ‘ಸರ್ವಿಸ್‌ಗೆ ಬಂದಿದೆ’ ಅನ್ನುತ್ತೇವೆ. ಅಗ್ಗದ್ದು ಕೆಟ್ಟಾಗ ‘ಹೋಯ್ತು’. ಬೆಲೆಯೊಂದಿಗೆ ಕ್ರಿಯಾಪದವೂ ಬದಲಾಗುತ್ತದೆ!

ಇನ್ನು ನಿಜವಾದ ದೌರ್ಬಲ್ಯದ ವಿಷಯ. ಅಗ್ಗದ ಆಂಪ್‌ನಲ್ಲಿ ಕಂಪನಿಯವರು ಹಣ ಉಳಿಸುವುದು ಐಸಿಯಲ್ಲಲ್ಲ, ಕೈಕೆಲಸದಲ್ಲಿ. ಲೋಹದ ಜ್ಯಾಕನ್ನು ಪೆಟ್ಟಿಗೆಯ ತಗಡಿಗೆ ಬಿಗಿದು ವೈರ್ ಎಳೆಯುವ ಬದಲು, ಪ್ಲಾಸ್ಟಿಕ್ ಜ್ಯಾಕನ್ನು ನೇರ ಸರ್ಕ್ಯೂಟ್ ಬೋರ್ಡಿಗೆ ಬೆಸೆಯುತ್ತಾರೆ. ಬೋರ್ಡಿನ ಮೇಲಿರುವ ತಾಮ್ರದ ಪದರ ಸಾಮಾನ್ಯವಾಗಿ 35 ಮೈಕ್ರಾನ್, ತಲೆಗೂದಲಿಗಿಂತ ತೆಳು. ಹೊರಗೆ ಚಾಚಿಕೊಂಡ ಪ್ಲಗ್ ಮೀಟುಗೋಲಿನ ಹಾಗೆ ಕೆಲಸ ಮಾಡುತ್ತದೆ. ಕೇಬಲನ್ನು ಯಾರೋ ಎಡವಿದಾಗ ಆ ಬಲವೆಲ್ಲ ಹೋಗಿ ಬೀಳುವುದು ನಾಲ್ಕು ಬೆಸುಗೆಗಳ ಮೇಲೆ. ಕೆಲವು ತಿಂಗಳಲ್ಲಿ ಪಿನ್ನಿನ ಸುತ್ತ ಕೂದಲೆಳೆಯಷ್ಟು ಸಣ್ಣ ಬಳೆಯಾಕಾರದ ಬಿರುಕು. ಪ್ಲಗ್ ಒತ್ತಿ ಹಿಡಿದರೆ ಸದ್ದು, ಬಿಟ್ಟರೆ ಕರಕರ. ಅಂಗಡಿಯವರು ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ. ಮಂಡ್ಯದಿಂದ ಮೈಸೂರಿಗೆ ಬೈಕಿನ ಹಿಂದೆ ಕಟ್ಟಿಕೊಂಡು ಓಡಾಡುವ ಆಂಪ್ ಆದರೆ ಇದು ಇನ್ನೂ ಬೇಗ.

ರಿಪೇರಿ ಮಾಡುವಾಗ ಹಳೆ ಬೆಸುಗೆಯ ಮೇಲೆ ಹೊಸದನ್ನು ಮೆತ್ತಬೇಡಿ. 25ರಿಂದ 40 ವ್ಯಾಟಿನ ಸೋಲ್ಡರಿಂಗ್ ಐರನ್‌ನಿಂದ ಹಳೆಯದನ್ನು ಕರಗಿಸಿ ಪಂಪಿನಿಂದ ಹೀರಿ, ಪಿನ್ ಹೊಳೆಯುವಂತೆ ಕೆರೆದು, 60/40 ಲೆಡ್ (60 ಪಾಲು ತವರ, 40 ಪಾಲು ಸೀಸ) ಬಳಸಿ ಹೊಸದಾಗಿ ಬೆಸೆಯಿರಿ. ಅದಕ್ಕಿಂತ ಒಳ್ಳೆಯದು ಆ ಪ್ಲಾಸ್ಟಿಕ್ ಜ್ಯಾಕನ್ನೇ ಕಿತ್ತು, 6.35 ಮಿಲಿಮೀಟರಿನ ಲೋಹದ ಜ್ಯಾಕನ್ನು ತಗಡಿಗೆ ನಟ್ಟಿನಿಂದ ಬಿಗಿದು, ಬೋರ್ಡಿಗೆ ಹತ್ತು ಸೆಂಟಿಮೀಟರ್ ಶೀಲ್ಡ್ ವೈರ್ ಎಳೆಯುವುದು. ಆಮೇಲೆ ಯಾರು ಎಡವಿದರೂ ಏಟು ತಗಡಿಗೆ.

ಇದಕ್ಕಿಂತ ಮೋಸದ್ದು ಹೆಡ್‌ಫೋನ್ ತೂತು. ಹಲವು ಆಂಪ್‌ಗಳಲ್ಲಿ ಸ್ಪೀಕರಿಗೆ ಹೋಗುವ ಸಿಗ್ನಲ್ ಈ ಜ್ಯಾಕಿನ ಒಳಗಿನ ಸಣ್ಣ ತಗಡಿನ ಪಟ್ಟಿಯ ಮೂಲಕವೇ ಹಾಯುತ್ತದೆ. ಹೆಡ್‌ಫೋನ್ ಚುಚ್ಚಿದರೆ ಪಟ್ಟಿ ಸರಿದು ಸ್ಪೀಕರ್ ಕಡಿತ. ವರ್ಷಗಟ್ಟಲೆ ಬಳಸದೆ ಬಿಟ್ಟು, ನಾಲ್ಕು ಮಳೆಗಾಲದ ತೇವ ಕುಡಿದರೆ ಪಟ್ಟಿ ಕಿಲುಬು ಹಿಡಿದು ಸ್ಪೀಕರ್ ಮೂಕವಾಗುತ್ತದೆ. ದೀಪ ಉರಿಯುತ್ತಿದೆ, ಸದ್ದಿಲ್ಲ. ಇನ್ನೇನು, ಆಂಪ್ ಹೋಯ್ತು! ಒಂದು ಪ್ಲಗ್ ತಗೊಂಡು ಆ ತೂತಿಗೆ ಹತ್ತು ಸಲ ಹಾಕಿ ತೆಗೆದರೆ ಎಷ್ಟೋ ಸಲ ಸತ್ತ ಆಂಪ್ ಎದ್ದು ಕೂರುತ್ತದೆ.

ವಾಲ್ಯೂಮ್ ತಿರುಗಿಸಿದಾಗ ಗೊರಗೊರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ಬೀಗ, ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಧೂಳನ್ನು ಹಿಡಿದಿಡುತ್ತದೆ.

ಈಗ ಕರೆಂಟಿನ ಮಾತು. 1902ರಲ್ಲೇ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಇರುವುದು ಮಂಡ್ಯ ಜಿಲ್ಲೆಯಲ್ಲಿ. ಆದರೆ ಅದೇ ಜಿಲ್ಲೆಯ ಹಳ್ಳಿಯಲ್ಲಿ, ಲೈನಿನ ಕೊನೆಯ ಮನೆಯ ಪ್ಲಗ್ಗಿನಲ್ಲಿ ಸದಾ 230 ವೋಲ್ಟ್ ಇರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಕಬ್ಬಿನ ಗದ್ದೆಯ ಮೋಟರುಗಳು ಓಡುವಾಗ ವೋಲ್ಟೇಜ್ ಕುಸಿಯುತ್ತದೆ, ಎಲ್ಲ ಒಟ್ಟಿಗೆ ನಿಂತಾಗ ಏರುತ್ತದೆ. ಕುಸಿತದಿಂದ ಇಂಥ ಆಂಪ್‌ಗೆ ನಷ್ಟವಿಲ್ಲ, ಸದ್ದು ತಗ್ಗಿ ಬೇಗ ಒಡೆಯುತ್ತದೆ ಅಷ್ಟೆ. ಏರಿಕೆ ಬೇರೆ ಕಥೆ. 230 ವೋಲ್ಟ್ ಇದ್ದಾಗ 12-0-12 ಟ್ರಾನ್ಸ್‌ಫಾರ್ಮರಿನಿಂದ ಐಸಿಗೆ ಪ್ಲಸ್, ಮೈನಸ್ ಎರಡೂ ಕಡೆ ಸುಮಾರು 16.3 ವೋಲ್ಟ್ ಡಿಸಿ ಸಿಗುತ್ತದೆ. ಲೈನ್ 260 ಆದರೆ ಅದು 18.5. ಟಿಡಿಎ2030ರ ಗರಿಷ್ಠ ಮಿತಿ 18. ಎ ಅಕ್ಷರ ಸೇರಿದ ಟಿಡಿಎ2030ಎ ಆದರೆ 22ರವರೆಗೆ ತಡೆಯುತ್ತದೆ, ಕಾಲುಗಳ ಜೋಡಣೆಯೂ ಅದೇ. ಆದ್ದರಿಂದ ಸುಟ್ಟ ಐಸಿ ಬದಲಿಸುವಾಗ ಎ ಕೇಳಿ ತನ್ನಿ. ನ್ಯೂಟ್ರಲ್ ಕಡಿದು 400 ವೋಲ್ಟ್‌ವರೆಗೆ ನುಗ್ಗಿದರೆ ಅಗ್ಗದ್ದು, ದುಬಾರಿಯದು ಎಂಬ ಭೇದವಿಲ್ಲದೆ ಎಲ್ಲವೂ ಹೋಗುತ್ತವೆ.

ಸ್ವಲ್ಪ ದೊಡ್ಡ, ಇಪ್ಪತ್ತು-ಮೂವತ್ತು ವ್ಯಾಟಿನವುಗಳಲ್ಲಿ ಇನ್ನೊಂದು ಜಾಗ ನೋಡಬೇಕು. ಅಲ್ಲಿ 25 ವೋಲ್ಟನ್ನು 470 ಓಮ್ ರೆಸಿಸ್ಟರ್ ಮತ್ತು 15 ವೋಲ್ಟಿನ ಝೀನರ್ ಡಯೋಡ್ ಸೇರಿ ಸಣ್ಣ ಐಸಿಗಳಿಗೆ ತಗ್ಗಿಸಿ ಕೊಡುತ್ತವೆ. ರೆಸಿಸ್ಟರ್ ಕಾಲು ವ್ಯಾಟಿನದಾದರೆ ಮಾಮೂಲು ದಿನಗಳಲ್ಲೇ 0.21 ವ್ಯಾಟ್ ಹೊರುತ್ತಿರುತ್ತದೆ. ಲೈನ್ 260ಕ್ಕೆ ಏರಿದರೆ ಅದು 0.37 ದಾಟುತ್ತದೆ. ಬೋರ್ಡಿನಲ್ಲಿ ಕಾಫಿ ಚೆಲ್ಲಿದಂಥ ಕಂದು ಕಲೆ ಕಂಡರೆ ಇದೇ ಕಾರಣ. ಒಂದು ವ್ಯಾಟಿನ ರೆಸಿಸ್ಟರ್ ಹಾಕಿ, ಬೋರ್ಡಿನಿಂದ ಐದು ಮಿಲಿಮೀಟರ್ ಎತ್ತರಿಸಿ ಬೆಸೆದರೆ ಮುಗಿಯಿತು. ಕಾರ್ಖಾನೆಯಲ್ಲೇ ಹೀಗೆ ಮಾಡಬಹುದಿತ್ತು. ಕೆಲವೇ ಪೈಸೆ ಉಳಿಸಲು ಮಾಡಿರುವುದಿಲ್ಲ. ಕೆಟ್ಟ ಹೆಸರಿನ ನಿಜವಾದ ಅರ್ಧ ಇಂಥ ಪೈಸೆಗಳದ್ದು.

ಉಳಿದದ್ದು ನಮ್ಮದೇ ಕೈವಾಡ. ಕೋಣೆಯಲ್ಲಿ ಅಭ್ಯಾಸ ಮಾಡಲು ಮಾಡಿದ ಪೆಟ್ಟಿಗೆಯನ್ನು ಗಣೇಶನ ಪೆಂಡಾಲಿಗೆ ಒಯ್ದು, ಸದ್ದು ಸಾಲದೆಂದು ಇನ್ನೊಂದು 8 ಓಮ್ ಸ್ಪೀಕರನ್ನು ಪ್ಯಾರಲಲ್ ಸೇರಿಸುತ್ತೇವೆ. ಹೊರೆ 4 ಓಮ್‌ಗೆ ಇಳಿಯುತ್ತದೆ. ಎರಡೂ ಕಡೆ 16 ವೋಲ್ಟ್ ಇದ್ದಾಗ 8 ಓಮ್‌ಗೆ ಐಸಿ ಹೊರಬೇಕಾದ ಗರಿಷ್ಠ ಕಾವು 6.5 ವ್ಯಾಟ್, 4 ಓಮ್‌ಗೆ 13. ಹೀಟ್‌ಸಿಂಕ್ ಮಾತ್ರ ಮೊದಲಿನದೇ, ಕಾವು ಹೊರಹಾಕುವ ಅಂಗೈಯಗಲದ ಅಲ್ಯೂಮಿನಿಯಂ ತುಂಡು. ಅರ್ಧ ಗಂಟೆಗೆ ಆಂಪ್ ಬಾಯಿ ಮುಚ್ಚುತ್ತದೆ, ತಣ್ಣಗಾದ ಮೇಲೆ ಮತ್ತೆ ಹಾಡುತ್ತದೆ. ಇದು ಕೆಟ್ಟಿದ್ದಲ್ಲ, ತನ್ನನ್ನು ತಾನು ಕಾಪಾಡಿಕೊಂಡದ್ದು. ಆದರೆ ಪ್ರತಿ ಸಲ ಕಾದು ಆರಿದಾಗಲೂ ಬೆಸುಗೆ ಹಿಗ್ಗಿ ಕುಗ್ಗುತ್ತದೆ.

ತೊಂದರೆ ಎಲ್ಲಿದೆಯೆಂದು ಕಿವಿಯಿಂದಲೇ ಅಂದಾಜು ಮಾಡಬಹುದು. ವಾಲ್ಯೂಮ್ ಸೊನ್ನೆಗಿಳಿಸಿದರೂ ಗುಂಯ್ ನಿಲ್ಲದಿದ್ದರೆ, ಆ ನಾದವನ್ನು ಗಿಟಾರಿನ ಆರನೇ ತಂತಿಯ ಮೂರನೇ ಮನೆಗೆ (ಫ್ರೆಟ್) ಹೋಲಿಸಿ. ಆ ಸ್ವರ 98 ಹರ್ಟ್ಸ್. ಗುಂಯ್ ಅದರ ಹತ್ತಿರವಿದ್ದರೆ 100 ಹರ್ಟ್ಸಿನದು: ಸಪ್ಲೈಯ ದೊಡ್ಡ ಕೆಪಾಸಿಟರ್ ಸೊರಗಿರಬೇಕು. ವಾಲ್ಯೂಮ್ ಜೊತೆ ಏರಿಳಿದರೆ ಕೇಬಲ್, ಗಿಟಾರ್ ಅಥವಾ ಅರ್ಥಿಂಗ್ ನೋಡಿ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥಿಂಗನ್ನೇ ಕತ್ತರಿಸುವವರಿದ್ದಾರೆ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ತಗಡಿಗೇ ಸೇರಿರುತ್ತವೆ. ಒಳಗೆ ವೈರ್ ತಗುಲಿದ ದಿನ ಕೈಯಲ್ಲಿ ತಂತಿ, ತುಟಿಗೆ ಮೈಕ್, ನಡುವೆ 230 ವೋಲ್ಟ್.

ಬಿಚ್ಚಿ ನೋಡುವವರು ಪ್ಲಗ್ ತೆಗೆದು, ಕೆಪಾಸಿಟರ್ ಮೇಲೆ ಒಂದು ವೋಲ್ಟಿಗಿಂತ ಕಡಿಮೆಯಾಗಿದೆಯೆಂದು ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಸ್ಪೀಕರ್ ಬಿಚ್ಚಿ ಅಳೆಯಿರಿ, 8 ಓಮಿನದು ಮೀಟರಿನಲ್ಲಿ 6ರಿಂದ 7 ತೋರಿಸಿದರೆ ಸರಿ. ಆಮೇಲೆ 60 ವ್ಯಾಟಿನ, ತಂತಿ ಕಾದು ಉರಿಯುವ ಹಳೆ ಬಲ್ಬನ್ನು ಸೀರೀಸ್‌ನಲ್ಲಿಟ್ಟು ಕರೆಂಟ್ ಕೊಡಿ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಮಂಕಾಗಿದ್ದರೆ ಸ್ಪೀಕರ್ ವೈರುಗಳ ನಡುವೆ ಡಿಸಿ ನೋಡಿ. 50 ಮಿಲಿವೋಲ್ಟ್ ಒಳಗಿದ್ದರೆ ಐಸಿ ಕ್ಷೇಮ. ಹದಿನೈದು ವೋಲ್ಟ್ ಹತ್ತಿರ ಕಂಡರೆ ಐಸಿ ಹೋಗಿದೆ, ಸ್ಪೀಕರ್ ಸೇರಿಸಿದರೆ ಕಾಯಿಲ್ ಕೂಡ ಸುಡುತ್ತದೆ.

ಇಷ್ಟೆಲ್ಲ ಹೇಳಿದ್ದು ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಹಳೆ ಮಾದರಿಗೆ. ಈಚಿನ ಹಗುರ ಆಂಪ್‌ಗಳಲ್ಲಿ ಎಸ್‌ಎಂಪಿಎಸ್ ಸಪ್ಲೈ (ಭಾರದ ಕಬ್ಬಿಣವಿಲ್ಲದ್ದು), ಕಡಿಮೆ ಕಾಯುವ ಕ್ಲಾಸ್ ಡಿ ಐಸಿ ಇರುತ್ತವೆ. ಕಾವು ಕಡಿಮೆ, 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಲೈನ್ ಕುಸಿದರೂ ಅಳುಕದು. ಆದರೆ ಸಾಸಿವೆ ಕಾಳಿನಂಥ ಭಾಗಗಳ ಬೋರ್ಡು. ಕೆಟ್ಟರೆ ಪೂರ್ತಿ ಬೋರ್ಡೇ ಬದಲಿಸಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ. ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟ್ ನಿಂತಿರುತ್ತದೆ, ಹೊಸಬರು ಕೈ ಹಾಕುವ ಜಾಗವಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಪೆಟ್ಟಿಗೆಯನ್ನು ಎತ್ತಿ ನೋಡಿ. ಒಂದು ಕಡೆಗೆ ವಾಲುವಷ್ಟು ಭಾರವಿದ್ದರೆ ಹೆಚ್ಚಾಗಿ ಒಳಗೆ ಕಬ್ಬಿಣವಿದೆ. ಜ್ಯಾಕಿನ ಸುತ್ತ ಲೋಹದ ನಟ್ಟಿದೆಯೇ ನೋಡಿ. ಪ್ಲಗ್ ಚುಚ್ಚಿ ಬೆರಳಿನಿಂದ ಮೆಲ್ಲಗೆ ಆಡಿಸಿ. ಜ್ಯಾಕ್ ಕೂಡ ಪ್ಲಗ್ಗಿನೊಂದಿಗೆ ಅಲುಗಿದರೆ, ಪಕ್ಕದ ಪೆಟ್ಟಿಗೆ ತೋರಿಸಲು ಹೇಳಿ.