ಪುಸ್ತಕದ ಬೆನ್ನಿನ ಸಂಖ್ಯೆ ಬದಲಾದಾಗ
ವಿಷಯದ ಪ್ರಕಾರ ಪುಸ್ತಕಗಳಿಗೆ ಸಂಖ್ಯೆ ಕೊಡಲು ಲೈಬ್ರರಿಗಳು ಬಳಸುವ ಎರಡು ಪದ್ಧತಿಗಳು ಡ್ಯೂಯಿ ಮತ್ತು ಕೋಲನ್. ಲೈಬ್ರರಿಯೊಂದು ಕೋಲನ್ ಬಿಟ್ಟು ಡ್ಯೂಯಿಗೆ ಬಂದರೆ ಏನಾಗುತ್ತದೆ? ಕುವೆಂಪು ಅವರ ಒಂದು ಕವನ ಸಂಕಲನ ತೆಗೆದುಕೊಳ್ಳಿ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಅದರ ಜಾಗ 894.8141. ಇದರಲ್ಲಿ 894.814 ಎಂದರೆ ಕನ್ನಡ ಸಾಹಿತ್ಯ, ಕೊನೆಯ 1 ಎಂದರೆ ಕಾವ್ಯ. ಕೋಲನ್ ಪದ್ಧತಿಯಲ್ಲಿ ಅದೇ ಪುಸ್ತಕದ ಸಂಖ್ಯೆ ಓ33,1ಎನ್04 ಎಂದು ಶುರುವಾಗುತ್ತದೆ. ಓ ಸಾಹಿತ್ಯ, 33 ಕನ್ನಡ, 1 ಕಾವ್ಯ. ಎನ್04 ಅಂದರೆ 1904, ಕವಿ ಹುಟ್ಟಿದ ವರ್ಷ.

ಒಂದನ್ನು ಅಳಿಸಿ ಇನ್ನೊಂದು ಬರೆದರೆ ಆಯ್ತು ಅನ್ನಿಸುತ್ತದೆ, ಅಲ್ವಾ? ಆದರೆ ಕೋಲನ್‌ನಿಂದ ಡ್ಯೂಯಿಗೆ ಬಂದಾಗ ಆ ಹುಟ್ಟಿದ ವರ್ಷ ಬಿದ್ದುಹೋಗುತ್ತದೆ. ಮತ್ತೆ ಕೋಲನ್‌ಗೆ ಹೋಗಬೇಕಾದರೆ ಒಬ್ಬೊಬ್ಬ ಲೇಖಕರ ಹುಟ್ಟಿದ ವರ್ಷವನ್ನೂ ಹುಡುಕುತ್ತಾ ಕೂರಬೇಕು.

ಮೆಲ್ವಿಲ್ ಡ್ಯೂಯಿ ತಮ್ಮ ಪದ್ಧತಿಯನ್ನು ಪ್ರಕಟಿಸಿದ್ದು 1876ರಲ್ಲಿ. ಆಗ ಅವರ ಕಣ್ಣ ಮುಂದಿದ್ದದ್ದು ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನ ಲೈಬ್ರರಿ. ಧರ್ಮದ ವಿಭಾಗ ನೋಡಿದರೆ ಇದು ಈಗಲೂ ಗೊತ್ತಾಗುತ್ತದೆ. 220ರಿಂದ 280ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ. ಉಳಿದ ಧರ್ಮಗಳೆಲ್ಲ 290ರಲ್ಲಿ ಒತ್ತಿಕೊಂಡು ಕೂತಿವೆ. ಜೈನ ಧರ್ಮ 294.4, ಹಿಂದೂ ಧರ್ಮ 294.5.

ಎಸ್. ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ಲಂಡನ್‌ಗೆ ಓದಲು ಹೋದರು. ಅಲ್ಲಿನ ಅಂಗಡಿಯಲ್ಲಿ ಮೆಕಾನೊ ಆಟಿಕೆ ಕಂಡಿತು. ಅವೇ ಪಟ್ಟಿ, ಅವೇ ಸ್ಕ್ರೂ, ಜೋಡಿಸಿದಂತೆ ಬೇರೆ ಬೇರೆ ಆಟಿಕೆ! ವಿಷಯಗಳನ್ನೂ ಹೀಗೆ ಬಿಡಿಭಾಗಗಳಿಂದ ಕಟ್ಟಬಹುದು ಎಂಬ ಹೊಳಹಿನಿಂದ 1933ರಲ್ಲಿ ಕೋಲನ್ ಪದ್ಧತಿ ಬಂತು. ಅದರಲ್ಲಿ ಜೈನ ಧರ್ಮ ಬರೀ ಕ್ಯೂ3.

ಕೊನೆಯ ವರ್ಷಗಳನ್ನು ರಂಗನಾಥನ್ ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಕೋಲನ್‌ನ ಏಳನೇ ಆವೃತ್ತಿ ಬರುವಷ್ಟರಲ್ಲಿ 1987 ಆಗಿತ್ತು. ಅತ್ತ ಡ್ಯೂಯಿಯನ್ನು ಬಿಡದೆ ಪರಿಷ್ಕರಿಸುವ ಸಂಪಾದಕರಿದ್ದರು. ಕಂಪ್ಯೂಟರ್ ಬಂದ ಮೇಲೆ ಎಷ್ಟೋ ಪುಸ್ತಕಗಳ ಡ್ಯೂಯಿ ಸಂಖ್ಯೆ ಕ್ಯಾಟಲಾಗ್ ದಾಖಲೆಯಲ್ಲೇ ಸಿದ್ಧವಾಗಿ ಸಿಗತೊಡಗಿತು. ಕೋಲನ್ ಬಳಸುತ್ತಿದ್ದ ಲೈಬ್ರರಿಗಳೂ ಆ ಕಡೆ ವಾಲಿದವು. ಕೆಲಸದ ಹೊರೆ ನೋಡಿದರೆ ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ಕ್ಯೂ3 ಇದ್ದಲ್ಲಿ 294.4 ಬರೆಯುವುದನ್ನು ಹೊಂದಾಣಿಕೆ ಪಟ್ಟಿ ಹಾಕಿ ಕಂಪ್ಯೂಟರಿಗೇ ಬಿಡಬಹುದು. ವಚನಗಳನ್ನು ಏನು ಮಾಡುವುದು? ಅವು ಕಾವ್ಯವೋ, ಧರ್ಮವೋ? ಹಿಂದಿನ ಗ್ರಂಥಪಾಲರು ಪುಸ್ತಕ ಬಿಚ್ಚಿ ನೋಡಿ, ಯೋಚಿಸಿ ಒಂದು ಕಡೆ ಇಟ್ಟಿರುತ್ತಾರೆ. ಆ ಯೋಚನೆಗೆ ಉಳಿದಿರುವ ಗುರುತು ಹಳೆ ಸಂಖ್ಯೆಯೊಂದೇ. ಬೆನ್ನಿನ ಚೀಟಿ ಬದಲಾಗಲಿ, ಕ್ಯಾಟಲಾಗ್‌ನಿಂದ ಮಾತ್ರ ಅದನ್ನು ಅಳಿಸಬೇಡಿ. ಕಂಪ್ಯೂಟರ್ ಕ್ಯಾಟಲಾಗ್‌ಗೆ ಬಳಸುವ ಮಾರ್ಕ್ ಎಂಬ ಮಾದರಿಯ ದಾಖಲೆಯಲ್ಲಿ ಡ್ಯೂಯಿ ಸಂಖ್ಯೆಗೆ 082 ಎಂಬ ಜಾಗ ಇದೆ, ಬೇರೆ ಪದ್ಧತಿಯ ಸಂಖ್ಯೆಗೆಂದೇ 084 ಇದೆ. ಹಳೆಯದು ಅಲ್ಲಿರಲಿ.