ಇಸ್ಪೀಟು ಕಟ್ಟಿನ ‘ಫಿನಿಶ್’: ಒಂದೇ ಪದ, ನಾಲ್ಕು ಅರ್ಥ

ಎರಡು ಕಟ್ಟು ಇಸ್ಪೀಟು ತಗೊಳ್ಳಿ. ಒಂದು ಮದುವೆ ಮನೆಯ ರಮ್ಮಿಗೆಂದು ಮೂಲೆಯಂಗಡಿಯಿಂದ ತಂದದ್ದು. ಇನ್ನೊಂದು ದುಡ್ಡು ಸುರಿದು ಹೊರದೇಶದಿಂದ ತರಿಸಿದ ಕಸ್ಟಮ್ ಕಟ್ಟು. ಎರಡನ್ನೂ ಮೇಜಿನ ಮೇಲೆ ಅಂಗೈಯಿಂದ ಉದ್ದಕ್ಕೆ ಹರಡಿ. ಅಂಗಡಿಯದು ಇಲ್ಲಿ ಮೂರು, ಅಲ್ಲಿ ಐದು ಎಲೆಯಾಗಿ ಗುಂಪುಗೂಡುತ್ತದೆ. ಕಸ್ಟಮ್ ಕಟ್ಟು ಚೆನ್ನಾಗಿದ್ದರೆ ಎಲೆಗಳು ಅಳೆದಿಟ್ಟ ಹಾಗೆ ಜಾರಿ ನಿಲ್ಲುತ್ತವೆ. ಇಷ್ಟು ಯಾರಿಗಾದರೂ ಕಾಣುತ್ತದೆ. ಯಾಕೆ ಅಂತ ಕೇಳಿದರೆ ಮಾತ್ರ ಗೋಜಲು ಶುರು. ‘ಫಿನಿಶ್ ಒಳ್ಳೇದು’ ಅಂತ ಒಬ್ಬರು ಹೇಳಿದಾಗ ಅವರು ಕಾಗದದ ಬಗ್ಗೆ ಹೇಳುತ್ತಿರಬಹುದು, ಲೇಪದ ಬಗ್ಗೆ ಹೇಳುತ್ತಿರಬಹುದು, ಅಂಚು ಕತ್ತರಿಸಿದ ರೀತಿಯ ಬಗ್ಗೆಯೂ ಇರಬಹುದು.

ಒಂದು ಎಲೆಯನ್ನು ಅಡ್ಡಕ್ಕೆ ಹರಿದು ನೋಡಿದರೆ ಅರ್ಧ ಗೋಜಲು ಬಿಡುತ್ತದೆ (ಜೋಕರ್ ಹರಿಯಿರಿ, ಆಸು ಬೇಡ). ಒಳ್ಳೆಯ ಎಲೆಯಲ್ಲಿ ಎರಡು ಪದರ ಕಾಗದ, ನಡುವೆ ಕಪ್ಪು ಅಂಟು. ಬೆಳಕಿಗೆ ಹಿಡಿದರೂ ಎದುರಿನವರಿಗೆ ನಿಮ್ಮ ರಾಣಿ ಕಾಣಬಾರದಲ್ವಾ, ಅದಕ್ಕೆ ಆ ಕಪ್ಪು. ಆಟಗಾರರು ‘ಸ್ಟಾಕ್’ ಅನ್ನುವುದು ಈ ಕಾಗದಕ್ಕೆ. ಎಲೆಯ ಮೈಮೇಲೆ ರೋಲರ್ ಒತ್ತಿದ ಸಣ್ಣ ಸಣ್ಣ ಗುಳಿಗಳಿರುತ್ತವೆ, ಅದು ಎಂಬಾಸಿಂಗ್. ಮೇಲೆ ಬಳಿದ ತೆಳು ಲೇಪ ಕೋಟಿಂಗ್. ಕೊನೆಯದು ಕಟ್, ಅಂದರೆ ಹಾಳೆಯಿಂದ ಎಲೆ ಕತ್ತರಿಸಿ ಬಿಡಿಸುವ ಕೆಲಸ. ಈ ನಾಲ್ಕೂ ಸೇರಿ ಕೈಗೆ ಸಿಗುವ ಅನುಭವವನ್ನು ನಾವು ಒಂದೇ ಪದದಲ್ಲಿ ಹೇಳಿ ಮುಗಿಸುತ್ತೇವೆ.

ಎಲೆ ನುಣುಪಾಗಿರಬೇಕು ಅನ್ನುವ ಆಸೆ ಹಳೆಯದು. ನಮ್ಮ ಗಂಜೀಫಾ ಎಲೆಗಳಿಗೂ ಅರಗು ಬಳಿದು ಹೊಳಪು ಕೊಡುತ್ತಿದ್ದರು. ಆದರೆ ಯಾವ ಫಿನಿಶ್ ಮೇಲು ಎಂಬ ಈಗಿನ ಜಗಳದ ಬೇರು ಅಮೆರಿಕದಲ್ಲಿದೆ. ಓಹಾಯೋ ರಾಜ್ಯದ ಸಿನ್ಸಿನಾಟಿಯ ರಸೆಲ್, ಮಾರ್ಗನ್ ಎಂಬ ಮುದ್ರಣ ಕಂಪನಿ 1881ರಲ್ಲಿ ಇಸ್ಪೀಟಿಗೆ ಕೈ ಹಾಕಿತು, 1885ರಲ್ಲಿ ಬೈಸಿಕಲ್ ಕಟ್ಟು ತಂದಿತು. ಮುಂದೆ ಯುನೈಟೆಡ್ ಸ್ಟೇಟ್ಸ್ ಪ್ಲೇಯಿಂಗ್ ಕಾರ್ಡ್ ಕಂಪನಿ ಆದದ್ದು ಇದೇ. ಅದೇ 1885ರಲ್ಲಿ ನ್ಯೂಯಾರ್ಕ್‌ನ ಡೋಹರ್ಟಿ ಕಂಪನಿ ಟ್ಯಾಲಿ-ಹೋ ತಂದಿತು. 1892ರಲ್ಲಿ ನ್ಯೂಯಾರ್ಕ್‌ನದೇ ಇನ್ನೊಂದು ಕಂಪನಿ ಬೀ ತಂದಿತು. ಬೈಸಿಕಲ್ ಪೆಟ್ಟಿಗೆಯ ಮೇಲೆ ‘ಏರ್ ಕುಶನ್’, ಟ್ಯಾಲಿ-ಹೋ ಮೇಲೆ ‘ಲಿನಾಯ್ಡ್’, ಬೀ ಮೇಲೆ ‘ಕೇಂಬ್ರಿಕ್’. ಕೇಂಬ್ರಿಕ್ ಅಂದರೆ ತೆಳು ಹತ್ತಿ ಬಟ್ಟೆ. ಕಾಗದಕ್ಕೆ ಬಟ್ಟೆಯ ಹೆಸರಿಟ್ಟರೆ ಆಗಲೇ ಅರ್ಧ ವ್ಯಾಪಾರ ಆದಂತೆ.

ಕಾಲ ಕಳೆದಂತೆ ಮೂರೂ ಸಿನ್ಸಿನಾಟಿ ಕಂಪನಿಯ ಒಂದೇ ಸೂರಿನಡಿ ಬಂದವು. ಇವತ್ತು ಈ ಮೂರು ಹೆಸರಿನ ಹಿಂದೆ ಇರುವುದು ಒಂದೇ ಬಗೆಯ ಗುಳಿ. ಆ ಗುಳಿಗಳಲ್ಲಿ ಸಿಕ್ಕಿಕೊಂಡ ಗಾಳಿ ಎಲೆ ಎಲೆಗೆ ಅಂಟದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ‘ಕೇಂಬ್ರಿಕ್ ಸ್ವಲ್ಪ ಮೆದು, ಲಿನಾಯ್ಡ್ ಜಾಸ್ತಿ ಜಾರುತ್ತೆ’ ಎಂದು ಗಂಟೆಗಟ್ಟಲೆ ವಾದ ಮಾಡುವವರಿಗೆ ಸಿಗುತ್ತಿರುವುದು ಹೆಚ್ಚಾಗಿ ಕಾಗದದ ವ್ಯತ್ಯಾಸ. ಬೀ ಕಟ್ಟಿನ ಕಾಗದ ಕ್ಯಾಸಿನೊಗೆಂದೇ ಸ್ವಲ್ಪ ಗಡುಸು.

2009ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಕಂಪನಿಯ ಕಾರ್ಖಾನೆ ಓಹಾಯೋದಿಂದ ಕೆಂಟಕಿಯ ಎರ್ಲಾಂಗರ್‌ಗೆ ಹೋಯಿತು. ಅದೇ ವರ್ಷ, ಹೊಸ ಯೋಜನೆಗಳಿಗೆ ಜನರಿಂದ ಮುಂಗಡ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಶುರುವಾಯಿತು. ಮೊದಲನೆಯದರಿಂದ ಒಂದು ಪುರಾಣ ಹುಟ್ಟಿತು. ಓಹಾಯೋದ ಹಳೇ ಕಟ್ಟೇ ಕಟ್ಟು, ಅದರ ಮುಂದೆ ಹೊಸದೆಲ್ಲ ಸುಮ್ನೆ ಅಂತ. ನೀಲಿ ಸೀಲು ಅಂಟಿಸಿದ ಹಳೇ ಪೆಟ್ಟಿಗೆಗಳ ಬೆಲೆ ಏರುತ್ತಾ ಹೋಯಿತು. ಎರಡನೆಯದರಿಂದ ಒಂದು ಮಾರುಕಟ್ಟೆಯೇ ಹುಟ್ಟಿತು. ಚಿತ್ರ ಬರೆಯಬಲ್ಲ ಯಾರು ಬೇಕಾದರೂ ಕಟ್ಟಿನ ಚಿತ್ರ ತೋರಿಸಿ ಮುಂಗಡ ಪಡೆದು ದೊಡ್ಡ ಕಾರ್ಖಾನೆಯಲ್ಲಿ ಅಚ್ಚು ಹಾಕಿಸಬಹುದಾಯಿತು. ಇಲ್ಲೇ ಒಂದು ತೊಡಕಿತ್ತು. ಚಿತ್ರ ಪರದೆಯ ಮೇಲೆ ಕಾಣುತ್ತದೆ, ಜಾರುವಿಕೆ ಕಾಣುವುದಿಲ್ಲ. ಕೈಗೆ ಕೊಡಲಾಗದ್ದನ್ನು ಪದದಲ್ಲಿ ಕೊಡಬೇಕಾಯಿತು. ಹಾಗೆ ‘ಪ್ರೀಮಿಯಂ ಫಿನಿಶ್’, ‘ಮ್ಯಾಜಿಕ್ ಫಿನಿಶ್’ ಬಂದವು. ಕಾಗದವನ್ನು ಇನ್ನಷ್ಟು ಒತ್ತಿ ತೆಳ್ಳಗೆ ಮಾಡಿದ್ದಕ್ಕೆ ‘ಕ್ರಷ್ಡ್’ ಬಂತು. ಅಮೆರಿಕದ ಎರಡು ಹೊಸ ಬ್ರ್ಯಾಂಡ್‌ಗಳು, ಎಕ್ಸ್‌ಪರ್ಟ್ ಮತ್ತು ಲೆಜೆಂಡ್ಸ್, ತೈವಾನ್‌ನಲ್ಲಿ ಅಚ್ಚು ಹಾಕಿಸಲು ಶುರು ಮಾಡಿ ‘ಡೈಮಂಡ್’, ‘ಎಮರಾಲ್ಡ್’ ಅಂತೆಲ್ಲ ಹೆಸರು ತಂದವು. ತೈವಾನ್ ಎಲೆಗೆ ಅಂಚು ನಯ, ಬಾಳಿಕೆಯೂ ಜಾಸ್ತಿ. ಆದರೆ ಕೈಗೆ ಪಳಗಲು ದಿನ ಹಿಡಿಯುತ್ತದೆ. ಹೊಸದರಲ್ಲಿ ಹಿಡಿದು ‘ಬಿರುಸು’ ಎಂದು ಬರೆದವರೂ, ತಿಂಗಳಾದ ಮೇಲೆ ‘ಬೆಣ್ಣೆ’ ಎಂದು ಬರೆದವರೂ ಒಂದೇ ಕಟ್ಟಿನ ಬಗ್ಗೆ ಬರೆದಿರಬಹುದು.

ಕಟ್‌ನ ಕತೆ ಇನ್ನೂ ಸೂಕ್ಷ್ಮ. ಅಲಗು ಒಂದು ಕಡೆಯಿಂದ ಇಳಿದಾಗ ಅಂಚಿಗೆ ಕಣ್ಣಿಗೆ ಕಾಣದಷ್ಟು ಓರೆ ಬರುತ್ತದೆ. ಕಟ್ಟನ್ನು ಸರಿಯಾಗಿ ಎರಡು ಭಾಗ ಮಾಡಿ ಎಲೆಗೊಂದು ಎಲೆ ಹೆಣೆಯುವ ಫಾರೋ ಕಲಸುವಾಗ ಈ ಓರೆಯೇ ನಿರ್ಧಾರ ಮಾಡುತ್ತದೆ. ಒಂದು ಬಗೆಯ ಕಟ್ಟು ಮೇಲಿನಿಂದ ಸಲೀಸಾಗಿ ಹೆಣೆದುಕೊಳ್ಳುತ್ತದೆ, ಇನ್ನೊಂದು ಕೆಳಗಿನಿಂದ. ಮೊದಲನೆಯದು ಟ್ರೆಡಿಷನಲ್ ಕಟ್, ಎರಡನೆಯದು ಮಾಡರ್ನ್ ಕಟ್. ಹಳೇ ಕಟ್ ಬೇಕೇ ಬೇಕು ಎಂದು ಹಟ ಹಿಡಿದವರಲ್ಲಿ ಮುಖ್ಯರು ರಿಚರ್ಡ್ ಟರ್ನರ್. ಇಸ್ಪೀಟು ಕೈಚಳಕದಲ್ಲಿ ದೊಡ್ಡ ಹೆಸರು, ಕಣ್ಣು ಕಾಣುವುದಿಲ್ಲ. ಬೈಸಿಕಲ್ ಕಂಪನಿಗೆ ಎಲೆ ಮುಟ್ಟಿ ಗುಣ ಹೇಳುವ ‘ಟಚ್ ಅನಲಿಸ್ಟ್’ ಆಗಿದ್ದವರು. ಪೆಟ್ಟಿಗೆಯ ಬಣ್ಣ, ಸೀಲು, ಹೆಸರು ಯಾವುದೂ ಅವರ ತೀರ್ಪಿಗೆ ಅಡ್ಡ ಬರುವುದಿಲ್ಲ. ಉಳಿದ ನಾವು ಕಣ್ಣು ಮುಚ್ಚಿ ಓಹಾಯೋ ಕಟ್ಟನ್ನೂ ಕೆಂಟಕಿ ಕಟ್ಟನ್ನೂ ಎಷ್ಟು ಸಲ ಹೋಲಿಸಿದ್ದೇವೆ? ನಾನಂತೂ ಒಮ್ಮೆ ಮಾಡಿದೆ. ಹತ್ತರಲ್ಲಿ ಐದು ಸಲ ತಪ್ಪು ಹೇಳಿದೆ.

2019ರಲ್ಲಿ ಈ ಬೈಸಿಕಲ್ ಕಂಪನಿಯನ್ನು ಬೆಲ್ಜಿಯಂನ ಇಸ್ಪೀಟು ಕಂಪನಿ ಕಾರ್ಟಾಮುಂಡಿ ಕೊಂಡಿತು. ಕಾರ್ಟಾಮುಂಡಿಯ ಫಿನಿಶ್ ಹೆಸರುಗಳೂ ಬೈಸಿಕಲ್ ಕಂಪನಿಯವೂ ಈಗ ಒಂದೇ ಮನೆಯವು.

ವಿಮರ್ಶೆಗಳಲ್ಲಿ ಬಾರದ ಇನ್ನೊಂದು ವಿಷಯ ಮಳೆ. ಕಾಗದ ತೇವ ಹೀರುತ್ತದೆ. ಒಣ ಹವೆಯ ಊರಲ್ಲಿ ಕೂತು ಬರೆದ ಅಂಕ ಜುಲೈ ತಿಂಗಳ ಮಂಗಳೂರಿಗೆ ಹೊಂದುವುದಿಲ್ಲ. ಎರಡು ವರ್ಷದ ಹಿಂದೆ ನಾನು ತರಿಸಿದ ಒಂದು ಕಟ್ಟಿನ ಹಿಂಬದಿ ಪೂರ್ತಿ ಚಿನ್ನದ ಬಣ್ಣದ ಫಾಯಿಲ್. ಫಾಯಿಲ್ ಇರುವ ಬದಿ ತೇವ ಕುಡಿಯಲಿಲ್ಲ, ಇನ್ನೊಂದು ಬದಿ ಕುಡಿಯಿತು. ಆಟಿ ತಿಂಗಳು ಮುಗಿಯುವಷ್ಟರಲ್ಲಿ ಐವತ್ತೆರಡೂ ಎಲೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಬಾಗಿದ್ದವು. ಪೆಟ್ಟಿಗೆಯ ಮೇಲೆ ಬರೆದದ್ದು ‘ಏರ್ ಕುಶನ್’. ನಿಘಂಟಿನ ಕೆಳಗೆ ವಾರವಿಟ್ಟೆ. ಸುಮಾರು ನೆಟ್ಟಗಾದವು, ಆದರೆ ಹರಡಿದರೆ ಈಗಲೂ ಇಲ್ಲಿ ಮೂರು, ಅಲ್ಲಿ ಐದು. ರಮ್ಮಿಗೆ ನಡೆಯುತ್ತದೆ.